ಬೀದಿನಾಯಿಯ ಆದೇಶ, ಸಾಕುನಾಯಿಯ ಗೊಂದಲ: ಸಣ್ಣ ನಗರಗಳಲ್ಲಿ ನಾಯಿ ಸಾಕುವವರ ಸ್ಥಿತಿ

ಸುಪ್ರೀಂ ಕೋರ್ಟ್ 2025ರ ಆಗಸ್ಟ್ ಮತ್ತು ನವೆಂಬರ್ ತಿಂಗಳಲ್ಲಿ ಬೀದಿನಾಯಿಗಳ ಕುರಿತು ನೀಡಿದ ನಿರ್ದೇಶನಗಳು ಸುದ್ದಿಯಾದಾಗ, ಆ ನಿರ್ದೇಶನಗಳು ಯಾರನ್ನು ಉದ್ದೇಶಿಸಿರಲಿಲ್ಲವೋ ಅವರೂ ಗೊಂದಲಕ್ಕೆ ಬಿದ್ದರು. ಅವರು ಮನೆಯಲ್ಲಿ ನಾಯಿ ಸಾಕಿಕೊಂಡವರು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇನ್ನು ನಾಯಿಯನ್ನು ಕರೆದೊಯ್ಯುವಂತಿಲ್ಲವೇ, ನಗರಸಭೆಯ ವಾಹನ ಬಂದರೆ ಗೇಟಿನ ಹೊರಗೆ ಮಲಗಿದ ನಮ್ಮ ನಾಯಿಯನ್ನೂ ಹಿಡಿದೊಯ್ಯುತ್ತಾರೆಯೇ, ರಾಟ್‌ವೀಲರ್ ಸಾಕುವುದು ಈಗ ಅಪರಾಧವೇ, ಪರವಾನಗಿ ಎಲ್ಲಿ ಮಾಡಿಸಬೇಕು ಎಂಬ ಪ್ರಶ್ನೆಗಳು ಒಟ್ಟೊಟ್ಟಿಗೆ ಎದ್ದವು. ಇವುಗಳಿಗೆ ಉತ್ತರ ಹೇಳುವ ವಕೀಲರು, ಪ್ರಾಣಿ ದಯಾ ಸಂಘಗಳು, ತಜ್ಞ ಪಶುವೈದ್ಯರು ಮಹಾನಗರಗಳಲ್ಲಿ ಸಿಗುತ್ತಾರೆ. ಸಣ್ಣ ನಗರಗಳಲ್ಲಿ ಈ ಪ್ರಶ್ನೆ ಹಿಡಿದುಕೊಂಡು ಹೋದವರು ನಗರಸಭೆಯ ಆರೋಗ್ಯ ಶಾಖೆಯಿಂದ ಪಶು ಆಸ್ಪತ್ರೆಗೆ, ಅಲ್ಲಿಂದ ಪೊಲೀಸ್ ಠಾಣೆಗೆ ಅಲೆಯುವ ಸಂಭವವೇ ಹೆಚ್ಚು.

ಒಂದು ಊರು ನಾಯಿ ಸಾಕುವವರಿಗೆ ಎಷ್ಟು ಅನುಕೂಲವಾಗಿದೆ ಎಂಬುದನ್ನು ಅಲ್ಲಿ ನಾಯಿಗಳಿಗೆಂದೇ ಉದ್ಯಾನವಿದೆಯೇ, ನಾಯಿಯನ್ನು ಒಳಗೆ ಬಿಡುವ ಹೋಟೆಲುಗಳಿವೆಯೇ ಎಂಬುದರಿಂದ ಅಳೆಯುವುದು ರೂಢಿಯಾಗುತ್ತಿದೆ. ಆ ಅಳತೆ ಸಾಲದು. ಸ್ಥಳೀಯ ಸಂಸ್ಥೆ ಬೀದಿನಾಯಿಗಳ ವಿಷಯದಲ್ಲಿ ತನ್ನ ಕೆಲಸ ಮಾಡಿದೆಯೇ, ಯಾವ ನಾಯಿ ಯಾರದು ಎಂಬ ಲೆಕ್ಕ ಅದರ ಬಳಿ ಇದೆಯೇ ಎಂಬ ಎರಡು ಸಂಗತಿಗಳೇ ಸಾಕುನಾಯಿಯ ಮತ್ತು ಅದರ ಮನೆಯವರ ದಿನನಿತ್ಯದ ಬದುಕನ್ನು ನಿರ್ಧರಿಸುತ್ತವೆ. ಈಗಿನ ಗೊಂದಲದ ಬೇರು ಇರುವುದೂ ಅಲ್ಲಿಯೇ.

ನ್ಯಾಯಾಲಯ ಹೇಳಿದ್ದೇನು

ನಾಯಿಕಡಿತದ ಕುರಿತ ಪತ್ರಿಕಾ ವರದಿಯೊಂದನ್ನು ಆಧರಿಸಿ ಸುಪ್ರೀಂ ಕೋರ್ಟ್ 2025ರ ಜುಲೈ 28ರಂದು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ, ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಗಳಲ್ಲಿ ಇರಿಸಬೇಕು, ಮತ್ತೆ ಬೀದಿಗೆ ಬಿಡಬಾರದು ಎಂದಿತು. ಹನ್ನೊಂದೇ ದಿನಗಳಲ್ಲಿ, ಅಂದರೆ ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ನಾಯಿಗಳನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕು; ರೇಬೀಸ್ ತಗುಲಿದವು, ತಗುಲಿರುವ ಶಂಕೆಯಿರುವವು ಮತ್ತು ಆಕ್ರಮಣಕಾರಿ ಸ್ವಭಾವದವುಗಳನ್ನು ಬಿಡಬಾರದು; ಕಂಡಕಂಡಲ್ಲಿ ಆಹಾರ ಹಾಕದೆ ಸ್ಥಳೀಯ ಸಂಸ್ಥೆ ಗುರುತಿಸಿದ ಜಾಗಗಳಲ್ಲಿ ಮಾತ್ರ ಹಾಕಬೇಕು ಎಂಬುದು ಆ ಆದೇಶದ ಸಾರ. ಪ್ರಕರಣದ ವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿದ್ದೂ ಅಂದೇ. ಹಾಗಾಗಿ ದೆಹಲಿಯ ವಿಷಯ ಎಂದುಕೊಂಡಿದ್ದದ್ದು ನಮ್ಮ ಪುರಸಭೆ, ನಗರಸಭೆಗಳ ಮೇಜಿಗೂ ಬಂತು.

ನವೆಂಬರ್ 7ರ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕು, ಆ ಆವರಣಗಳಿಗೆ ಬೇಲಿ ಅಥವಾ ಗೋಡೆಯ ರಕ್ಷಣೆ ಇರಬೇಕು, ಅಲ್ಲಿ ಹಿಡಿದ ನಾಯಿಗಳನ್ನು ಚಿಕಿತ್ಸೆಯ ನಂತರವೂ ಅಲ್ಲಿಗೇ ಬಿಡಬಾರದು ಎಂದು ನ್ಯಾಯಾಲಯ ಹೇಳಿತು. ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬ ಆಗಸ್ಟ್ ಆದೇಶಕ್ಕೂ, ಬಿಡಬಾರದೆಂಬ ನವೆಂಬರ್ ನಿರ್ದೇಶನಕ್ಕೂ ವಿರೋಧವಿದೆ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಮೊದಲನೆಯದು ಸಾಮಾನ್ಯ ನಿಯಮ, ಎರಡನೆಯದು ಹೆಸರಿಸಿದ ಆವರಣಗಳಿಗೆ ಮಾಡಿದ ವಿನಾಯಿತಿ. ಎರಡೂ ಬೀದಿನಾಯಿಗಳ ಬಗ್ಗೆಯೇ ಮಾತನಾಡುತ್ತವೆ. ಮನೆಯಲ್ಲಿ ನಾಯಿ ಸಾಕುವುದಕ್ಕೆ, ಅದನ್ನು ಹಗ್ಗ ಹಿಡಿದು ರಸ್ತೆಯಲ್ಲಿ ನಡೆಸುವುದಕ್ಕೆ ಇವುಗಳಲ್ಲಿ ಯಾವ ನಿಷೇಧವೂ ಇಲ್ಲ.

ಕಾನೂನಿನಲ್ಲಿರುವ ಗೆರೆ ಕೇರಿಯಲ್ಲಿ ಕಾಣುವುದಿಲ್ಲ

ಹಾಗಿದ್ದರೆ ಗೊಂದಲವೇಕೆ? ಕೇಂದ್ರ ಸರ್ಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಾಯಿಗಳನ್ನು ಎರಡು ಗುಂಪು ಮಾಡಿವೆ. ಒಡೆಯನಿರುವ ಸಾಕುನಾಯಿಯ ಜಂತುನಾಶಕ ಔಷಧ, ಲಸಿಕೆ, ಸಂತಾನಹರಣ ಎಲ್ಲವೂ ಒಡೆಯನ ಹೊಣೆ. ಒಡೆಯನಿಲ್ಲದ ಬೀದಿನಾಯಿಯ ವಿಷಯದಲ್ಲಿ ಅದೇ ಹೊಣೆ ಸ್ಥಳೀಯ ಸಂಸ್ಥೆಯದು. ಕಾಗದದ ಮೇಲೆ ಈ ವಿಂಗಡಣೆ ನಿಚ್ಚಳವಾಗಿದೆ.

ಸಣ್ಣ ಊರಿನ ಒಂದು ಕೇರಿಯನ್ನು ಹತ್ತಿರದಿಂದ ನೋಡಿದರೆ ಈ ಗೆರೆ ಅಳಿಸಿಹೋಗುತ್ತದೆ. ಜಗಲಿಯ ಕೆಳಗೆ ಒಂದು ಕಂದು ನಾಯಿ ಮಲಗಿರುತ್ತದೆ. ಬೆಳಿಗ್ಗೆ ಒಂದು ಮನೆಯವರು ರಾತ್ರಿ ಉಳಿದ ಅನ್ನಕ್ಕೆ ಹಾಲು ಕಲಸಿ ಹಾಕುತ್ತಾರೆ, ಸಂಜೆ ಎದುರು ಮನೆಯವರು ಮುದ್ದೆಯ ತುಣುಕು ಇಡುತ್ತಾರೆ. ಅದಕ್ಕೆ ಹೆಸರಿದೆ, ಕರೆದರೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ, ರಾತ್ರಿ ಅಪರಿಚಿತರು ಬಂದರೆ ಬೊಗಳುತ್ತದೆ. ಆದರೆ ಕೊರಳಲ್ಲಿ ಪಟ್ಟಿಯಿಲ್ಲ, ಲಸಿಕೆ ಹಾಕಿಸಿದ ಚೀಟಿಯಿಲ್ಲ. ನಗರಸಭೆಯ ವಾಹನ ಬಂದ ದಿನ ಅದು ‘ನಮ್ಮ ನಾಯಿ’ ಆಗುತ್ತದೆ. ಶಾಲೆಯಿಂದ ಮನೆಗೆ ಬರುವ ಮಗುವಿನ ಮೀನಖಂಡಕ್ಕೆ ಬಾಯಿ ಹಾಕಿದ ದಿನ ‘ನಮ್ಮದಲ್ಲ, ಬೀದಿಯದು’ ಆಗುತ್ತದೆ. ಇಂಥ ಅರೆಸಾಕು ನಾಯಿಗಳು ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇವೆ, ಅವುಗಳ ಹಿಂದಿರುವ ಪ್ರೀತಿಯೂ ನಿಜವಾದದ್ದೇ. ಆದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಆ ಪ್ರೀತಿಯೊಂದೇ ಉತ್ತರವಾಗುವುದಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಮನೆಯಲ್ಲಿ ಸಾಕಿದ ಹೆಣ್ಣುನಾಯಿಗೆ ಸಂತಾನಹರಣ ಮಾಡಿಸದಿದ್ದರೆ ಅದು ವರ್ಷಕ್ಕೆ ಸಾಮಾನ್ಯವಾಗಿ ಎರಡು ಬಾರಿ ಬೆದೆಗೆ ಬರುತ್ತದೆ, ಗರ್ಭ ನಿಂತರೆ ಸುಮಾರು 63 ದಿನಗಳಲ್ಲಿ ಮರಿ ಹಾಕುತ್ತದೆ. ಕೊಡಲು ಯಾರೂ ಸಿಗದ ಮರಿಗಳು, ಅದರಲ್ಲೂ ಹೆಣ್ಣುಮರಿಗಳು, ಗೋಣಿಚೀಲದಲ್ಲಿಯೋ ರಟ್ಟಿನ ಪೆಟ್ಟಿಗೆಯಲ್ಲಿಯೋ ಸಂತೆ ಮೈದಾನದ ಅಂಚಿಗೆ ಬೀಳುತ್ತವೆ. ವರ್ಗಾವಣೆಯಾದವರು, ಬಾಡಿಗೆ ಮನೆ ಬದಲಿಸಿದವರು ಬಿಟ್ಟುಹೋದ ನಾಯಿಗಳೂ ಅಲ್ಲಿಗೇ ಸೇರುತ್ತವೆ. ಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅಪರಾಧ. ಮೊದಲ ಬಾರಿಯ ತಪ್ಪಿಗೆ ಆ ಕಾಯ್ದೆ ವಿಧಿಸುವ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷಗಳ ಹಿಂದಿನ ಮೊತ್ತ ಹಾಗೆಯೇ ಉಳಿದಿರುವುದರಿಂದ ಈ ಸೆಕ್ಷನ್ನಿಗೆ ಯಾರೂ ಹೆದರುವುದಿಲ್ಲ, ದೂರು ಕೊಡುವ ಉತ್ಸಾಹವೂ ಯಾರಿಗೂ ಇರುವುದಿಲ್ಲ. ಬೀದಿನಾಯಿಗಳ ಸಂಖ್ಯೆ ಏಕೆ ಇಳಿಯುತ್ತಿಲ್ಲ ಎಂದು ಕೇಳುವವರು ಈ ಹರಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಗರಸಭೆ ಒಂದು ಕಡೆ ಶಸ್ತ್ರಚಿಕಿತ್ಸೆ ಮಾಡಿಸುತ್ತಿರುವಾಗ ಇನ್ನೊಂದು ಕಡೆ ಮನೆಗಳಿಂದ ಹೊಸ ನಾಯಿಗಳು ಬೀದಿಗೆ ಬರುತ್ತಲೇ ಇರುತ್ತವೆ.

ನಿವಾಸಿಗಳ ಸಂಘ ಬೇರೆ, ಮನೆ ಮಾಲೀಕ ಬೇರೆ

ನಾಯಿ ಸಾಕಬಾರದು ಎಂದು ಅಪಾರ್ಟ್‌ಮೆಂಟಿನ ಸಂಘ ನಿರ್ಣಯ ಮಾಡಬಹುದೇ? ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬಹುಮತವಿದ್ದರೂ ಹಾಗೆ ಮಾಡುವಂತಿಲ್ಲ. ನಾಯಿಯ ಗಾತ್ರ ಅಥವಾ ತಳಿಯ ಕಾರಣಕ್ಕೆ ತಡೆಯುವುದು, ಬೊಗಳುತ್ತದೆ ಎಂಬ ಕಾರಣಕ್ಕೆ ಮನೆ ಖಾಲಿ ಮಾಡಿಸಲು ಒತ್ತಡ ಹೇರುವುದು, ಲಿಫ್ಟ್ ಬಳಸಬೇಡಿ ಎನ್ನುವುದು, ನಾಯಿಯಿದೆಯೆಂದು ಹೆಚ್ಚುವರಿ ಶುಲ್ಕ ಕೇಳುವುದು ಸರಿಯಲ್ಲ ಎಂದು ಅದು ಹೇಳುತ್ತದೆ. ಸಾರ್ವಜನಿಕ ಜಾಗದಲ್ಲಿ ನಾಯಿಗೆ ಹಗ್ಗ ಹಾಕಿರಿ, ಲಸಿಕೆ ಹಾಕಿಸಿರಿ, ಹೇಸಿಗೆ ತೆಗೆಯಿರಿ ಎಂದು ಸಂಘ ಕೇಳಬಹುದು. ಮಾರ್ಗಸೂಚಿಯು ಶಾಸನವಲ್ಲ, ಆದರೆ ನ್ಯಾಯಾಲಯಗಳು ಈ ನಿಲುವಿಗೆ ಬೆಲೆ ಕೊಟ್ಟಿವೆ. ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂಬ ನಿವಾಸಿ ಸಂಘಗಳ ಬೈಲಾಗಳು ಊರ್ಜಿತವಲ್ಲ ಎಂದು ಕೇರಳ ಹೈಕೋರ್ಟ್ 2021ರಲ್ಲಿ ತೀರ್ಪು ನೀಡಿದೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಮೇಲಿನದೆಲ್ಲವೂ ಸಂಘಗಳಿಗೆ ಅನ್ವಯಿಸುವ ಮಾತು. ತನ್ನ ಮನೆಯನ್ನು ಯಾರಿಗೆ ಬಾಡಿಗೆಗೆ ಕೊಡಬೇಕು ಎಂಬುದು ಮಾಲೀಕನ ಆಯ್ಕೆ. ನಾಯಿಯಿರುವವರಿಗೆ ಕೊಡುವುದಿಲ್ಲ ಎಂದರೆ ಅವನನ್ನು ಒಪ್ಪಿಸುವ ಕಾನೂನು ಇಲ್ಲ. ಅಪಾರ್ಟ್‌ಮೆಂಟುಗಳು ಕಡಿಮೆಯಿದ್ದು, ಮಾಲೀಕ ಕೆಳಗೆ ಬಾಡಿಗೆದಾರ ಮೇಲೆ ಇರುವ ಮನೆಗಳೇ ಹೆಚ್ಚಿರುವ ಸಣ್ಣ ನಗರಗಳಲ್ಲಿ ನಾಯಿ ಸಾಕುವವರು ಹೆಚ್ಚಾಗಿ ಎದುರಿಸುವುದು ಈ ಎರಡನೆಯ ಕಷ್ಟವನ್ನು. ಆದ್ದರಿಂದ ಸುದ್ದಿಯಲ್ಲಿ ಬರುವ ‘ನಾಯಿ ಸಾಕುವವರ ಹಕ್ಕು’ ಎಂಬ ಮಾತು ಸ್ವಂತ ಫ್ಲಾಟಿನವರಿಗೆ ಕೊಟ್ಟಷ್ಟು ರಕ್ಷಣೆಯನ್ನು ಬಾಡಿಗೆ ಮನೆಯವರಿಗೆ ಕೊಡುವುದಿಲ್ಲ. ಬಾಡಿಗೆ ಕರಾರಿನಲ್ಲಿಯೇ ನಾಯಿಯ ವಿಷಯವನ್ನು, ಗೋಡೆ ಬಾಗಿಲಿಗೆ ಹಾನಿಯಾದರೆ ಯಾರು ಭರಿಸಬೇಕೆಂಬುದನ್ನು ಬರೆಸಿಕೊಳ್ಳುವುದು ಸದ್ಯಕ್ಕಿರುವ ಉಪಾಯ. ಬಾಯಿಮಾತಿನ ಒಪ್ಪಿಗೆ ಮೊದಲ ಜಗಳದವರೆಗೆ ಮಾತ್ರ ಉಳಿಯುತ್ತದೆ.

ಇಪ್ಪತ್ತಮೂರು ತಳಿಗಳ ಕಥೆ

ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳ ಆಮದು, ತಳಿವರ್ಧನೆ ಮತ್ತು ಮಾರಾಟಕ್ಕೆ ಅನುಮತಿ ಕೊಡಬಾರದು, ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕು ಎಂದು ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಲಾಗಿದೆ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಮಾಡಿತು. ಕ್ರಮಬದ್ಧವಾಗಿ ಸಮಾಲೋಚನೆ ನಡೆಸಿ ಹೊಸದಾಗಿ ನಿಯಮ ತರಲು ಸರ್ಕಾರಕ್ಕೆ ಅವಕಾಶವನ್ನೂ ಉಳಿಸಿತು. ನಿಷೇಧದ ಸುದ್ದಿ ತಲುಪಿದಷ್ಟು ದೂರ ರದ್ದತಿಯ ಸುದ್ದಿ ತಲುಪಲಿಲ್ಲ. ಆದರೆ ಆ ಸುತ್ತೋಲೆಯನ್ನು ತೋರಿಸಿ ಕರ್ನಾಟಕದಲ್ಲಿ ಯಾರಾದರೂ ನಾಯಿ ಬಿಡಿಸಲು ಬಂದರೆ ಅದಕ್ಕೆ ಬಲವಿಲ್ಲ.

ಹಾಗೆಂದು ಒಡೆಯನಿಗೆ ಹೊಣೆಯಿಲ್ಲ ಎಂದಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ, ತೀವ್ರ ಗಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದಕ್ಕೆ ತಳಿಯ ಭೇದವಿಲ್ಲ. ಗೇಟು ತೆರೆದಿಟ್ಟು ಬಿಟ್ಟ ಪೊಮೆರೇನಿಯನ್‌ಗೂ ಅದೇ ಸೆಕ್ಷನ್ ಅನ್ವಯಿಸುತ್ತದೆ.

ಗೇಟಿನಿಂದ ಹೊರಗೆ

ಸಾಕುನಾಯಿಯ ನಿಜವಾದ ಕಷ್ಟ ಶುರುವಾಗುವುದು ಮನೆಯ ಗೇಟಿನಾಚೆ. ನಾಯಿಗೆ ದಿನಕ್ಕೆ ಎರಡು ಬಾರಿಯಾದರೂ ನಡಿಗೆ ಬೇಕು. ಸಣ್ಣ ನಗರದ ಬಡಾವಣೆಯಲ್ಲಿ ಪ್ರತಿ ತಿರುವಿನಲ್ಲಿಯೂ ಒಂದು ಹಿಂಡು ಇರುತ್ತದೆ, ಪ್ರತಿ ಹಿಂಡಿಗೂ ಅದರದೇ ಗಡಿ ಇರುತ್ತದೆ. ಹಗ್ಗ ಹಾಕಿದ ನಾಯಿ ಆ ಗಡಿ ದಾಟಿದ ಕೂಡಲೇ ಒಂದು ಎದ್ದು ಬೊಗಳುತ್ತದೆ, ಉಳಿದವು ಓಡಿ ಬರುತ್ತವೆ. ಹಗ್ಗದಲ್ಲಿರುವ ನಾಯಿಗೆ ಓಡಲು ದಾರಿಯಿಲ್ಲ. ಹೆದರಿದ ಒಡೆಯ ಅದನ್ನು ಎತ್ತಿಕೊಳ್ಳುತ್ತಾನೆ, ಕೆಳಗಿನ ನಾಯಿಗಳು ಅವನ ಮೇಲೆಯೇ ಜಿಗಿಯುತ್ತವೆ. ಒಂದೆರಡು ಬಾರಿ ಹೀಗಾದ ಮೇಲೆ ನಡಿಗೆ ನಿಲ್ಲುತ್ತದೆ, ನಾಯಿ ಮಹಡಿಗೋ ಗೇಟಿನ ಪಕ್ಕದ ಸರಪಳಿಗೋ ಸೀಮಿತವಾಗುತ್ತದೆ.

ಇದರ ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ. ದಿನವಿಡೀ ಕಟ್ಟಿಹಾಕಿದ ನಾಯಿ ಹೊರಗಿನ ಜನರನ್ನಾಗಲೀ ಇತರ ನಾಯಿಗಳನ್ನಾಗಲೀ ಅರಿಯದೆ ಬೆಳೆಯುತ್ತದೆ. ಕಂಡವರಿಗೆಲ್ಲ ಬೊಗಳುವುದು, ಹಾಲಿನವನಿಗೆ, ಪೇಪರ್ ಹಾಕುವವನಿಗೆ ಬಾಯಿ ಹಾಕುವುದು ಅದರ ಸ್ವಭಾವವಾಗುತ್ತದೆ. ಸದಾ ಕಟ್ಟಿಹಾಕಿರುವ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನು 1960ರ ಕಾಯ್ದೆಯೇ ಹಿಂಸೆ ಎಂದು ಪರಿಗಣಿಸಿದೆ. ಆದರೆ ವ್ಯಾಯಾಮ ಕೊಡಲು ಹೊರಟ ಒಡೆಯನಿಗೆ ಊರು ದಾರಿ ಬಿಡದಿದ್ದರೆ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮದೇ ನೆಲದ ಮುಧೋಳ ನಾಯಿಯ ಉದಾಹರಣೆ ಇಲ್ಲಿ ಸೂಕ್ತ. ಬಯಲಿನಲ್ಲಿ ಬೇಟೆಯ ಬೆನ್ನಟ್ಟಿ ಓಡುವುದಕ್ಕೆಂದೇ ರೂಪುಗೊಂಡ, ಉದ್ದ ಕಾಲು, ಕಿರಿದಾದ ಸೊಂಟ, ಆಳವಾದ ಎದೆಗೂಡಿನ ಈ ಬೇಟೆನಾಯಿಯನ್ನು ಹೆಮ್ಮೆಯಿಂದ ತಂದು ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಕಟ್ಟಿದರೆ, ಓಡಲಾರದ ಆ ದೇಹದ ಕಸುವೆಲ್ಲ ಗೇಟು ಕೆರೆಯುವುದರಲ್ಲಿ, ಗೋಡೆ ಹಾರುವುದರಲ್ಲಿ ಕಳೆಯುತ್ತದೆ.

ಉದ್ಯಾನಗಳ ವಿಷಯ ಇದಕ್ಕೆ ಅಂಟಿಕೊಂಡೇ ಇದೆ. ನಾಯಿಗಳಿಗೆ ಪ್ರವೇಶವಿಲ್ಲ ಎಂಬ ಫಲಕದ ಕೆಳಗೆಯೇ ಬೀದಿನಾಯಿಗಳು ಮಲಗಿರುವ ದೃಶ್ಯ ಅಪರೂಪವಲ್ಲ; ತಡೆ ತಟ್ಟುವುದು ಲಸಿಕೆ ಹಾಕಿಸಿ ಹಗ್ಗ ಹಿಡಿದು ತಂದವರಿಗೆ ಮಾತ್ರ. ಸಂಪೂರ್ಣ ನಿಷೇಧದ ಬದಲು ಸಮಯ ನಿಗದಿ ಮಾಡುವುದು ಸೂಕ್ತ ಎಂಬುದು ಪ್ರಾಣಿ ಕಲ್ಯಾಣ ಮಂಡಳಿಯ ಸಲಹೆ. ಅದನ್ನು ವಿರೋಧಿಸುವವರ ಕಾರಣಗಳೂ ತಳ್ಳಿಹಾಕುವಂಥವಲ್ಲ. ನಾಯಿಯ ಹೇಸಿಗೆ ಸೆಗಣಿಯಂತೆ ಗೊಬ್ಬರವಾಗುವ ವಸ್ತುವಲ್ಲ. ದುಂಡುಹುಳು, ಕೊಕ್ಕೆಹುಳುಗಳ ಮೊಟ್ಟೆ ಅದರಲ್ಲಿರಬಹುದು, ಬರಿಗಾಲಲ್ಲಿ ಮರಳಲ್ಲಿ ಆಡುವ ಮಕ್ಕಳಿಗೆ ಅವು ತಗುಲುತ್ತವೆ. ಹೇಸಿಗೆ ತೆಗೆಯಲು ಚೀಲ ಒಯ್ಯುವ ಅಭ್ಯಾಸ ಇನ್ನೂ ಬೆಳೆದಿಲ್ಲ ಎಂಬುದನ್ನು ನಾಯಿ ಸಾಕುವವರು ಒಪ್ಪಿಕೊಳ್ಳಬೇಕು. ಉದ್ಯಾನದ ಬಾಗಿಲು ತೆರೆಯಿಸುವ ವಾದಕ್ಕೆ ಬಲ ಬರುವುದು ಈ ಅಭ್ಯಾಸದಿಂದಲೇ.

ಬೇಸಿಗೆಯ ಮಾತನ್ನೂ ಹೇಳಬೇಕು. ಮಧ್ಯಾಹ್ನದ ಡಾಂಬರು ರಸ್ತೆಯ ಮೇಲೆ ಅಂಗೈಯ ಹಿಂಭಾಗ ಇಟ್ಟು ಐದಾರು ಸೆಕೆಂಡು ತಡೆಯಲಾಗದಿದ್ದರೆ ನಾಯಿಯ ಅಂಗಾಲಿಗೂ ಅದು ಸುಡುತ್ತದೆ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ನಡಿಗೆಗೆ ಉಳಿಯುವುದು ನಸುಕು ಮತ್ತು ರಾತ್ರಿ. ಹಿಂಡುಗಳು ಹೆಚ್ಚು ಚುರುಕಾಗಿರುವುದೂ ಅದೇ ಹೊತ್ತಿನಲ್ಲಿ.

ಎದುರು ಬದುರಾದ ಎರಡು ವಾದ

ಬೀದಿಯಿಂದ ನಾಯಿಗಳನ್ನು ಪೂರ್ತಿ ತೆಗೆದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಲ್ಲಿ ಕಡಿತಕ್ಕೆ ಒಳಗಾದ ಮಕ್ಕಳ ತಂದೆತಾಯಿಗಳಿದ್ದಾರೆ, ನಸುಕಿನಲ್ಲಿ ಕೆಲಸಕ್ಕೆ ಹೊರಡುವ ಪೌರಕಾರ್ಮಿಕರಿದ್ದಾರೆ, ಮೇಲೆ ಹೇಳಿದ ಅನುಭವದಿಂದ ಬೇಸತ್ತ ನಾಯಿ ಒಡೆಯರೂ ಇದ್ದಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ ಎಂಬ ಸತ್ಯದ ಮುಂದೆ ಅವರ ಭಯವನ್ನು ಅತಿಯೆಂದು ಕರೆಯಲಾಗದು. ಮನುಷ್ಯರಿಗೆ ತಗುಲುವ ರೇಬೀಸ್‌ನಲ್ಲಿ ಶೇ 99ರವರೆಗೂ ನಾಯಿಯಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನೊಂದು ಪಕ್ಷದ ವಾದ ಕರುಣೆಯೊಂದನ್ನೇ ನೆಚ್ಚಿಕೊಂಡಿಲ್ಲ. ಒಂದು ಜಾಗದ ನಾಯಿಗಳನ್ನು ಎತ್ತಿಹಾಕಿದರೆ, ಅವು ತಿನ್ನುತ್ತಿದ್ದ ಆಹಾರ ಅಲ್ಲಿಯೇ ಉಳಿಯುವುದರಿಂದ, ಪಕ್ಕದ ಪ್ರದೇಶದ ಹೊಸ ನಾಯಿಗಳು ಆ ಜಾಗಕ್ಕೆ ಬರುತ್ತವೆ. ಹಳೆಯವು ಲಸಿಕೆ ಪಡೆದವಾಗಿದ್ದರೆ ಬಂದವು ಪಡೆಯದವಾಗಿರುತ್ತವೆ. ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ತಲುಪಿದರೆ ರೇಬೀಸ್ ಹರಡುವ ಸರಣಿ ಕಡಿಯುತ್ತದೆ ಎಂಬುದು ಒಪ್ಪಿತ ಅಳತೆ. ಸ್ಥಿರವಾದ ಹಿಂಡನ್ನು ಚದುರಿಸಿದರೆ ಆ ಪ್ರಮಾಣವನ್ನು ಮುಟ್ಟುವುದೇ ಕಷ್ಟವಾಗುತ್ತದೆ.

ಈ ಲೇಖಕನ ಅಭಿಪ್ರಾಯದಲ್ಲಿ ಎರಡನೆಯ ವಾದ ವೈಜ್ಞಾನಿಕವಾಗಿ ಗಟ್ಟಿಯಾದದ್ದು, ಆದರೆ ಅದಕ್ಕೊಂದು ಷರತ್ತಿದೆ. ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ನಿಜವಾಗಿಯೂ ನಡೆಯಬೇಕು, ವರ್ಷವೂ ನಡೆಯಬೇಕು. ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ ಕೆಲವು ನಾಯಿಗಳ ಕಿವಿಯಂಚು ಕತ್ತರಿಸಿ ಗುರುತು ಮಾಡಿ, ಟೆಂಡರ್ ಮುಗಿದ ಮೇಲೆ ಎರಡು ವರ್ಷ ಕೈಬಿಟ್ಟರೆ ವಿಜ್ಞಾನದ ಹೆಸರು ಹೇಳುವ ಅರ್ಹತೆ ಉಳಿಯುವುದಿಲ್ಲ. ಸಣ್ಣ ನಗರಗಳಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿ, ನಾಯಿಗೂಡುಗಳು, ತರಬೇತಾದ ಪಶುವೈದ್ಯರು, ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆ ಇವೆಲ್ಲ ಒಟ್ಟಿಗೆ ಒದಗುವುದು ಕಷ್ಟ. ನವೆಂಬರ್ ನಿರ್ದೇಶನ ಈ ಕೊರತೆಯನ್ನು ಇನ್ನಷ್ಟು ಬಯಲು ಮಾಡುತ್ತದೆ. ಇಂಥ ಊರಿನಲ್ಲಿ ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆ, ಪದವಿಪೂರ್ವ ಕಾಲೇಜು, ಕ್ರೀಡಾಂಗಣ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿರುತ್ತವೆ. ಅಲ್ಲಿಂದ ತೆಗೆದ ನಾಯಿಗಳಿಗೆ ಆಶ್ರಯ ಕೇಂದ್ರವಿಲ್ಲದಿದ್ದರೆ ಅವು ಪಕ್ಕದ ವಸತಿ ಬಡಾವಣೆಯಲ್ಲಿ ಇಳಿಯುತ್ತವೆ. ಆ ಬಡಾವಣೆಯಲ್ಲಿ ಈಗಾಗಲೇ ಒಂದು ಹಿಂಡಿರುತ್ತದೆ. ಹೊಸದಕ್ಕೂ ಹಳೆಯದಕ್ಕೂ ಕಾದಾಟ ಹತ್ತುತ್ತದೆ, ಆ ಕಾದಾಟದ ನಡುವೆ ಹಗ್ಗ ಹಿಡಿದು ಹೊರಟ ನಾಯಿಯೂ ಸೈಕಲ್ಲಿನ ಹುಡುಗನೂ ಸಿಕ್ಕಿಕೊಳ್ಳುತ್ತಾರೆ.

ದನಕರುಗಳ ಆಸ್ಪತ್ರೆಯಲ್ಲಿ ನಾಯಿಯ ಸರದಿ

ಸರ್ಕಾರಿ ಪಶು ಆಸ್ಪತ್ರೆಗಳು ಕಟ್ಟಲ್ಪಟ್ಟದ್ದು ಹೈನುಗಾರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅದರಲ್ಲಿ ತಪ್ಪೇನೂ ಇಲ್ಲ. ರೇಬೀಸ್ ಚುಚ್ಚುಮದ್ದು, ಜಂತುಹುಳದ ಮಾತ್ರೆ, ಗಾಯದ ಉಪಚಾರ ಅಲ್ಲಿ ಸಿಗುತ್ತವೆ. ಕಷ್ಟವಾಗುವುದು ರಕ್ತಪರೀಕ್ಷೆ, ಸ್ಕ್ಯಾನಿಂಗ್, ರಾತ್ರಿ ಹೊತ್ತಿನ ಚಿಕಿತ್ಸೆ ಬೇಕಾದಾಗ. ಪಾರ್ವೊ ಎಂಬ ವೈರಾಣು ರೋಗ ತಗುಲಿದ ಮರಿ ಸಂಜೆ ವಾಂತಿ ಶುರುಮಾಡಿ, ರಾತ್ರಿ ರಕ್ತಭೇದಿಗೆ ತಿರುಗಿ, ನೀರಿನಂಶ ಕಳೆದುಕೊಂಡು ಬೆಳಗಾಗುವುದರೊಳಗೆ ಕೈಬಿಟ್ಟು ಹೋಗಬಹುದು. ರಕ್ತನಾಳಕ್ಕೆ ಸಲೈನ್ ಏರಿಸುವ ಒಂದು ರಾತ್ರಿ ಚಿಕಿತ್ಸಾಲಯ ಊರಿನಲ್ಲಿದ್ದರೆ ಇಂಥ ಎಷ್ಟೋ ಮರಿಗಳು ಉಳಿಯುತ್ತವೆ. ಉಣ್ಣಿಯಿಂದ ಹರಡುವ ಜ್ವರದ್ದೂ ಇದೇ ಕಥೆ. ಒಸಡು ಬಿಳಿಚಿಕೊಂಡು, ಊಟ ಬಿಟ್ಟು ಮೂಲೆ ಹಿಡಿದ ನಾಯಿಯ ರಕ್ತ ಪರೀಕ್ಷಿಸಿದರೆ ಮಾತ್ರ ಸರಿಯಾದ ಔಷಧ ಹೊಳೆಯುತ್ತದೆ.

ಈ ವಿಷಯದಲ್ಲಿ ಶಿವಮೊಗ್ಗ, ಹಾಸನ, ಬೀದರ್, ಗದಗಗಳಿಗೆ ಒಂದು ಅನುಕೂಲವಿದೆ. ಅಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಬೋಧಕ ವೈದ್ಯರಿದ್ದಾರೆ. ಇಂಥ ಕಾಲೇಜಿನ ಜೊತೆ ಸ್ಥಳೀಯ ಸಂಸ್ಥೆ ಒಪ್ಪಂದ ಮಾಡಿಕೊಂಡರೆ ಬೀದಿನಾಯಿಗಳ ಶಸ್ತ್ರಚಿಕಿತ್ಸೆಗೂ ಸಾಕುನಾಯಿಗಳ ತುರ್ತು ಚಿಕಿತ್ಸೆಗೂ ಒಂದೇ ಕಡೆ ನೆಲೆ ಸಿಗುತ್ತದೆ, ಕಲಿಯುವ ವಿದ್ಯಾರ್ಥಿಗಳ ಕೈಯೂ ಪಳಗುತ್ತದೆ. ಕಾಲೇಜಿಲ್ಲದ ಊರುಗಳಲ್ಲಿ ಖಾಸಗಿ ಚಿಕಿತ್ಸಾಲಯಗಳೇ ಗತಿ, ಅವು ಹೆಚ್ಚುವುದು ನಾಯಿ ಸಾಕುವವರ ಸಂಖ್ಯೆ ಹೆಚ್ಚಿದ ಮೇಲೆ.

ಪ್ರಯಾಣದ ಮಾತು ಚಿಕ್ಕದು. ರೈಲಿನಲ್ಲಿ ನಾಯಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕಾದರೆ ಮೊದಲ ದರ್ಜೆಯ ಕೂಪೆಯನ್ನೋ ಕ್ಯಾಬಿನ್ನನ್ನೋ, ಅಂದರೆ ಬಾಗಿಲಿರುವ ಪ್ರತ್ಯೇಕ ಕೋಣೆಯನ್ನೇ, ಪೂರ್ತಿ ಕಾಯ್ದಿರಿಸಬೇಕು, ಇಲ್ಲವಾದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಯಲ್ಲಿ ಕಳಿಸಬೇಕು. ಸ್ಲೀಪರ್ ದರ್ಜೆಯಲ್ಲಿ ಅವಕಾಶವಿಲ್ಲ. ಹಾಗಾಗಿ ಸಣ್ಣ ಊರಿನಲ್ಲಿ ಸಿಗದ ಚಿಕಿತ್ಸೆಗೆ ದೊಡ್ಡ ಊರಿಗೆ ಹೋಗುವವರು ಕಾರಿದ್ದವರು ಅಥವಾ ಬಾಡಿಗೆ ಕಾರಿನ ಹಣ ಹೊಂದಿಸಬಲ್ಲವರು ಮಾತ್ರ.

ನೋಂದಣಿ ಏಕೆ ಹಿಡಿತಕ್ಕೆ ಬರುತ್ತಿಲ್ಲ

ಬೆಂಗಳೂರು ಪಾಲಿಕೆ 2018ರಲ್ಲಿ ಸಾಕುನಾಯಿ ಪರವಾನಗಿಯ ಬೈಲಾ ತಂದು, ಫ್ಲಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂಬ ಮಿತಿ ಹಾಕಿತು. ಭಾರಿ ವಿರೋಧ ಬಂದಿತು, ಬೈಲಾ ಜಾರಿಗೆ ಬರದೆ ತಡೆಯಲ್ಲಿ ಉಳಿಯಿತು. ಇದರಿಂದ ಕಲಿಯಬೇಕಾದದ್ದಿದೆ. ಲೆಕ್ಕ ಇಡುವ ಕೆಲಸಕ್ಕೆ ಮಿತಿ ಹೇರುವ ಕೆಲಸವನ್ನು ಸೇರಿಸಿದ ಕೂಡಲೇ ಒಡೆಯರು ನಾಯಿಯನ್ನು ಬಚ್ಚಿಡುತ್ತಾರೆ. ಎರಡು ನಾಯಿಯಿರುವ ಫ್ಲಾಟಿನವರು ಒಂದನ್ನು ಮಾತ್ರ ತೋರಿಸುತ್ತಾರೆ, ತೋರಿಸದ ನಾಯಿಗೆ ಲಸಿಕೆಯೂ ತಪ್ಪಬಹುದು. ದಂಡದ ಭಯದಿಂದ ನಾಯಿಯನ್ನು ಬೀದಿಗೆ ಬಿಡುವವರೂ ಇರುತ್ತಾರೆ. ಉದ್ದೇಶಕ್ಕೆ ನೇರ ವಿರುದ್ಧವಾದ ಫಲ ಅದು.

ನೋಂದಣಿ ಲಸಿಕೆಯ ಜೊತೆ ಹೋದರೆ ಚಿತ್ರ ಬದಲಾಗುತ್ತದೆ. ಮೂರು ತಿಂಗಳ ಮರಿಗೆ ಮೊದಲ ರೇಬೀಸ್ ಲಸಿಕೆ, ಆ ಬಳಿಕ ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ಕ್ರಮ. ಚುಚ್ಚುಮದ್ದು ಹಾಕಿದ ಪಶುವೈದ್ಯರೇ ಅದೇ ಮೇಜಿನಲ್ಲಿ ಒಡೆಯನ ಹೆಸರು, ವಾರ್ಡು, ನಾಯಿಯ ಗುರುತು ಬರೆದು ಕೊರಳಿಗೆ ಸಂಖ್ಯೆಯ ಬಿಲ್ಲೆ ಕೊಟ್ಟರೆ, ಸಂತಾನಹರಣ ಮಾಡಿಸಿದ ನಾಯಿಗೆ ಶುಲ್ಕ ಮನ್ನಾ ಮಾಡಿದರೆ, ಜನ ತಾವಾಗಿಯೇ ಬರುತ್ತಾರೆ. ಬಿಲ್ಲೆಯಿದ್ದ ನಾಯಿಯನ್ನು ವಾಹನದವರು ಹಿಡಿಯುವುದಿಲ್ಲ. ದೀಪಾವಳಿಯ ಪಟಾಕಿಗೆ ಬೆದರಿ ಗೇಟು ಹಾರಿ ಓಡಿದ ನಾಯಿ ಮರುದಿನ ಮೂರು ಬಡಾವಣೆಯಾಚೆ ಸಿಕ್ಕರೆ ಬಿಲ್ಲೆಯ ಸಂಖ್ಯೆ ಅದನ್ನು ಮನೆಗೆ ತರುತ್ತದೆ.

ಕಡಿತದ ಸಂದರ್ಭದಲ್ಲಿ ಈ ದಾಖಲೆಯ ಬೆಲೆ ಇನ್ನೂ ಹೆಚ್ಚು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ಲಸಿಕೆ ಶುರುಮಾಡಬೇಕು. ಈ ಮಾತಿಗೆ ವಿನಾಯಿತಿಯಿಲ್ಲ. ಆದರೆ ಕಚ್ಚಿದ ನಾಯಿ ಯಾರದೆಂದು ಗೊತ್ತಿದ್ದರೆ ಅದನ್ನು ಹತ್ತು ದಿನ ಕಣ್ಗಾವಲಿನಲ್ಲಿ ಇಡಬಹುದು. ಅಷ್ಟು ದಿನವೂ ಅದು ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೇಬೀಸ್ ವೈರಾಣು ಇರಲಿಲ್ಲ ಎಂದು ವೈದ್ಯರು ತಿಳಿಯುತ್ತಾರೆ. ‘ನಮ್ಮದಲ್ಲ’ ಎಂದು ಕೈತೊಳೆದುಕೊಂಡ ಕೇರಿಯ ನಾಯಿಯ ವಿಷಯದಲ್ಲಿ ಈ ಸಮಾಧಾನ ಯಾರಿಗೂ ದಕ್ಕುವುದಿಲ್ಲ. ಗಾಯಗೊಂಡ ಮಗುವಿನ ಮನೆಯವರು ವಾರಗಟ್ಟಲೆ ಆತಂಕದಲ್ಲಿಯೇ ಕಳೆಯುತ್ತಾರೆ.

ಮುಂದಿನ ದಿನಗಳಲ್ಲಿ

ಆಗಸ್ಟ್ 22ರ ಆದೇಶದಲ್ಲಿ ಇನ್ನೊಂದು ಅಂಶವಿದೆ. ಆಸಕ್ತರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರ ಹೊಣೆ. ಜಗಲಿಯ ಕೆಳಗಿನ ಆ ಕಂದು ನಾಯಿಗೆ ಕಾನೂನಿನಲ್ಲಿ ಒಂದು ಮನೆ ಸಿಗುವ ದಾರಿ ಇದು. ನಮ್ಮ ಹವೆಗೆ ಒಗ್ಗಿದ, ದಪ್ಪ ತುಪ್ಪಳದ ಹಸ್ಕಿಯಂತೆ ಬೇಸಿಗೆಯಲ್ಲಿ ಏದುಸಿರು ಬಿಡದ ನಾಯಿಗಳು 30, 40 ಸಾವಿರ ರೂಪಾಯಿ ಕೊಡದೆಯೂ ಸಿಗುತ್ತವೆ. ಆದರೆ ಅರ್ಜಿಯನ್ನು ಯಾರಿಗೆ ಕೊಡಬೇಕು, ಯಾವ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂಬುದು ಸ್ಥಳೀಯ ಸಂಸ್ಥೆಯಲ್ಲಿ ತೀರ್ಮಾನವಾಗದಿದ್ದರೆ ಈ ಅಂಶ ಆದೇಶದ ಪುಟದಲ್ಲಿಯೇ ಉಳಿಯುತ್ತದೆ.

ಭಾರತ 2021ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಕಾರ್ಯಯೋಜನೆ 2030ರೊಳಗೆ ನಾಯಿಯಿಂದ ಹರಡುವ ರೇಬೀಸ್ ಅನ್ನು ತೊಡೆದುಹಾಕುವ ಗುರಿ ಇಟ್ಟುಕೊಂಡಿದೆ. ಆ ಗಡುವು ಹತ್ತಿರವಾದಷ್ಟೂ ಸ್ಥಳೀಯ ಸಂಸ್ಥೆಗಳ ಮೇಲೆ ಒತ್ತಡ ಹೆಚ್ಚುತ್ತದೆ. ಆ ಒತ್ತಡವನ್ನು ವಾಹನ ಕೊಂಡು ನಾಯಿ ಹಿಡಿಯುವುದರಲ್ಲಿಯೇ ಮುಗಿಸಿದ ಊರಿನಲ್ಲಿ ಒಡೆಯರು ಗೇಟು ಇನ್ನಷ್ಟು ಬಿಗಿದು ಸರಪಳಿ ಗಿಡ್ಡ ಮಾಡುತ್ತಾರೆ, ಬಾಡಿಗೆ ಮನೆಯ ಬಾಗಿಲುಗಳು ಇನ್ನಷ್ಟು ಮುಚ್ಚುತ್ತವೆ. ಮಾಂಸದಂಗಡಿಯ ತ್ಯಾಜ್ಯ ರಸ್ತೆ ಬದಿಗೆ ಬೀಳದಂತೆ ನೋಡಿಕೊಂಡು, ಲಸಿಕೆ ಮತ್ತು ಶಸ್ತ್ರಚಿಕಿತ್ಸೆಯನ್ನು ವಾರ್ಡುವಾರು ಬಿಡದೆ ನಡೆಸಿ, ಮನೆಯ ನಾಯಿಗಳನ್ನು ಪುಸ್ತಕಕ್ಕೆ ಏರಿಸಿದ ಊರಿನಲ್ಲಿ ಮೊದಲು ಕಾಣುವ ಬದಲಾವಣೆ ಚಿಕ್ಕದಾಗಿರುತ್ತದೆ: ಸಂಜೆ ಆರೂವರೆಗೆ ಒಬ್ಬರು ನಾಯಿಯ ಹಗ್ಗ ಹಿಡಿದು ಹೊರಟು, ಬೀದಿಯ ಕೊನೆಯವರೆಗೆ ಕೈಯಲ್ಲಿ ಕೋಲಿಲ್ಲದೆ ಹೋಗಿ ಬರುತ್ತಾರೆ.